ತಾತನ ಟ್ರಂಕಿನ ಗಾಲ್ಫ್ ಕೋಲುಗಳು



ಹೋದ ಸಂಚಿಕೆಯಲ್ಲಿ ನಿಂಬೆಹಣ್ಣಿನ ಉಪ್ಪಿನಕಾಯಿ ಬೂಸ್ಟು ಹಿಡಿಯದಂತೆ ಇಡುವುದು ಹೇಗೆ ಅಂತ ಬರೆದಿದ್ದೆ. ಈ ಸಲ ಬರೆಯುತ್ತಿರುವುದು ಗಾಲ್ಫ್ ಆಡುವ ಕೋಲಿನ ವಿಷಯ. "ಇವಳಿಗೇನಾಯ್ತಪ್ಪ, ಸೌಟು ಬಿಟ್ಟು ಗಾಲ್ಫ್ ಕೋಲು ಹಿಡಿದಳಲ್ಲ" ಅಂತ ನಗಬೇಡಿ. ಮನೆಯಲ್ಲಿ ಎತ್ತರದ ಹೆಣ್ಣುಮಗಳು ಇರುವವರಂತೂ ಕೊನೆಯವರೆಗೆ ಓದಿ.

ನಮ್ಮ ತಾತ, ಅಂದರೆ ಅಮ್ಮನ ತಂದೆ, ಕೋಲಾರದ ಚಿನ್ನದ ಗಣಿ ಊರಿನಲ್ಲಿ ಸಾಹೇಬರ ಗಾಲ್ಫ್ ಮೈದಾನದಲ್ಲಿ ಕೆಲಸಕ್ಕಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿ ಗಣಿ ಶುರುಮಾಡಿದ ಮೇಲೆ ಇಂಗ್ಲೆಂಡಿನಿಂದ ಬಂದ ಅಧಿಕಾರಿಗಳು ತಮ್ಮ ಬಂಗಲೆ, ಕ್ಲಬ್ಬು, ಆಟ ಎಲ್ಲವನ್ನೂ ಜೊತೆಗೇ ತಂದರು. ತಾತ ಬೆಳಿಗ್ಗೆ ಹುಲ್ಲು ಕತ್ತರಿಸುತ್ತಿದ್ದರು, ಸಂಜೆ ಸಾಹೇಬರ ಕೋಲುಗಳ ಚೀಲ ಹೊರುತ್ತಿದ್ದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಆ ಕಾಲದಲ್ಲಿ ಊರಿಗೆ ಹೊರಟ ಒಬ್ಬ ದೊರೆಸಾನಿ ತನ್ನ ಏಳು ಕೋಲುಗಳನ್ನು ತಾತನ ಕೈಗೆ ಕೊಟ್ಟು ಹೋದಳಂತೆ. ತಾತ ಒಂದು ದಿನವೂ ಅವುಗಳಲ್ಲಿ ಆಡಿದವರಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ತೆಗೆದು ಒರೆಸಿ, ಕುಂಕುಮ ಇಟ್ಟು, ಮತ್ತೆ ಟ್ರಂಕಿಗೆ ಹಾಕುತ್ತಿದ್ದರು. 2001ರಲ್ಲಿ ಗಣಿಯೇ ಮುಚ್ಚಿಹೋಯಿತು. ಟ್ರಂಕು ಮಾತ್ರ ಅಮ್ಮನ ಮಂಚದ ಕೆಳಗೆ ಉಳಿಯಿತು.

ಇನ್ನು ನನ್ನ ಮಗಳ ವಿಷಯ. ಐದು ಅಡಿ ಹತ್ತು ಇಂಚು ಎತ್ತರ. ಎಂಟನೇ ಕ್ಲಾಸಿನಿಂದ ಪ್ರತಿ ಫೋಟೋದಲ್ಲೂ ಹಿಂದಿನ ಸಾಲು. ನೆಂಟರ ಮನೆಗೆ ಹೋದರೆ "ಇಷ್ಟುದ್ದ ಬೆಳೆದರೆ ಗಂಡು ಎಲ್ಲಿಂದ ತರ್ತೀರಿ?" ಅನ್ನುವ ಮಾತು ಕಾಫಿಗಿಂತ ಮೊದಲು ಬರುತ್ತಿತ್ತು. ಬೇರೆಯವರನ್ನು ಯಾಕೆ ಅನ್ನಲಿ? "ಸ್ವಲ್ಪ ಬಗ್ಗಿ ನಿಂತ್ಕೊಳೇ" ಅಂತ ಮದುವೆ ಮನೆಗಳಲ್ಲಿ ನಾನೇ ಕಿವಿಯಲ್ಲಿ ಹೇಳಿದ್ದುಂಟು. ಅವಳು ಕೇಳಿದಳು, ಬಗ್ಗಿದಳು. ಹದಿನೆಂಟಕ್ಕೆ ಭುಜ ಮುಂದಕ್ಕೆ ಬಾಗಿಯೇ ಹೋಯಿತು.

ಕಾಲೇಜಿಗೆಂದು ಬೆಂಗಳೂರಿಗೆ ಹೋದವಳು ಗೆಳತಿಯ ಜೊತೆ ಗಾಲ್ಫ್ ಅಭ್ಯಾಸದ ಮೈದಾನಕ್ಕೆ ಹೋಗಿ ಬಂದಳು. ರಜೆಗೆ ಬಂದಾಗ ಅಜ್ಜಿಯ ಮಂಚದ ಕೆಳಗಿನ ಟ್ರಂಕು ನೆನಪಾಯಿತು. ಕೋಲು ತೆಗೆದು ಅಂಗಳದಲ್ಲಿ ನಿಂತಳು. ಆ ಕೋಲು ನೆಲ ಮುಟ್ಟಬೇಕಾದರೆ ಅವಳು ಬೆನ್ನನ್ನು ಕೊಡಲಿಯ ಹಾಗೆ ಬಾಗಿಸಬೇಕು. "ಅಮ್ಮಾ, ಇದೂ ನನ್ನನ್ನ ಬಗ್ಗು ಅಂತಲೇ ಹೇಳುತ್ತೆ ನೋಡು" ಅಂದಳು. ನಗುತ್ತಲೇ ಅಂದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹಳೆಯ ಕೋಲನ್ನು ಎತ್ತರದವರಿಗೆ ಹೊಂದಿಸಿಕೊಳ್ಳಬಹುದೇ? ಬಹುದು. ಬೆಂಗಳೂರಿನಲ್ಲಿ 1876ರಿಂದಲೂ ಗಾಲ್ಫ್ ಕ್ಲಬ್ ಇದೆ, ಈ ಕೋಲುಗಳನ್ನು ರಿಪೇರಿ ಮಾಡುವವರೂ ಇದ್ದಾರೆ. ಹಾಗೆ ಸಿಕ್ಕಿದ ಒಬ್ಬ ಹಿರಿಯರ ಹತ್ತಿರ ಕೂತು ನಾವು ತಿಳಿದುಕೊಂಡದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ದಂಡ ಯಾವುದು ಅಂತ ನೋಡಿ. ಬಹಳ ಹಳೆಯ ಕೋಲುಗಳಿಗೆ ಹಿಕರಿ ಅನ್ನುವ ಮರದ ದಂಡ ಇರುತ್ತಿತ್ತು. ಉಕ್ಕಿನ ದಂಡಕ್ಕೆ ಅಮೆರಿಕದಲ್ಲಿ 1924ರಲ್ಲಿ, ಬ್ರಿಟನ್ನಿನಲ್ಲಿ 1929ರಲ್ಲಿ ಒಪ್ಪಿಗೆ ಸಿಕ್ಕಿತು. ಜನ ಮರದ ದಂಡಕ್ಕೇ ಒಗ್ಗಿಹೋಗಿದ್ದರಿಂದ ಮೊದಮೊದಲು ಉಕ್ಕಿನ ಮೇಲೂ ಮರದ ಬಣ್ಣದ ಹೊದಿಕೆ ಹಾಕುತ್ತಿದ್ದರು. ನಮ್ಮ ತಾತನ ಕೋಲುಗಳೂ ನೋಡಲು ಮರದಂತೇ ಇದ್ದವು. ಮಗಳು ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ತಂದು ಇಟ್ಟಳು, ಟಕ್ ಅಂತ ಅಂಟಿಕೊಂಡಿತು! ಒಳಗೆ ಉಕ್ಕು. ಉಕ್ಕಿನ ದಂಡ ಕೊಳವೆಯಂತೆ ಟೊಳ್ಳು, ಆದ್ದರಿಂದ ಉದ್ದ ಮಾಡುವುದು ಸುಲಭ. ನಿಜವಾದ ಮರದ ದಂಡವಾದರೆ ಕೈಹಾಕಬೇಡಿ. ಅದಕ್ಕೆ ಹಳೆಯ ವಸ್ತುವೆಂಬ ಬೆಲೆ ಇರುತ್ತದೆ, ಮರಕ್ಕೆ ಮರ ಕೂಡಿಸುವುದಕ್ಕೆ ನುರಿತ ಕೈಯೇ ಬೇಕು.

ಎರಡನೆಯದು ಅಳತೆ. ಆಡುವಾಗ ಹಾಕುವ ಶೂ ಹಾಕಿಕೊಂಡು, ನೆಟ್ಟಗೆ ನಿಂತು, ಕೈಗಳನ್ನು ಇಳಿಬಿಡಬೇಕು. ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಅಳೆಯಬೇಕು. ಬರೀ ಎತ್ತರ ನೋಡಿದರೆ ಸಾಲದು. ಕೆಲವರಿಗೆ ಕಾಲುದ್ದ, ಕೆಲವರಿಗೆ ಕೈಯುದ್ದ. ರವಿಕೆ ಹೊಲಿಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೋಲನ್ನೂ ಆಡುವ ಭಂಗಿಯಲ್ಲಿ ನೆಲಕ್ಕಿಟ್ಟು, ಹಿಂಭಾಗದಲ್ಲಿ ನೆಲದಿಂದ ಹಿಡಿಯ ತುದಿವರೆಗೆ ಅಳೆಯಿರಿ. ಹೆಂಗಸರ ಕೋಲು ಗಂಡಸರದಕ್ಕಿಂತ ಸುಮಾರು ಒಂದು ಇಂಚು ಗಿಡ್ಡ. ಈಗಿನ ಐದನೇ ನಂಬರಿನ ಕಬ್ಬಿಣದ ಕೋಲು ಗಂಡಸರದ್ದು ಸುಮಾರು 38 ಇಂಚು, ಹೆಂಗಸರದ್ದು 37. ದೊರೆಸಾನಿಯ ಕೋಲುಗಳಿಗೆ ಆ ಕಾಲದಂತೆ ಹೆಸರುಗಳಿದ್ದವು. ಐದನೇ ನಂಬರಿಗೆ ಸಮನಾದದ್ದು 'ಮ್ಯಾಶಿ', ಒಂಬತ್ತನೆಯದಕ್ಕೆ ಸಮನಾದದ್ದು 'ನಿಬ್ಲಿಕ್'. ನಮ್ಮ ಮ್ಯಾಶಿ ಅಳೆದರೆ 36 ಇಂಚು. ಮಗಳು ಬಾಗಿದ್ದರಲ್ಲಿ ಆಶ್ಚರ್ಯವೇನು?

"ಹಾಗಾದರೆ ಎರಡು ಇಂಚು ಕೂಡಿಸಿಬಿಡಿ" ಅಂದೆ ನಾನು. ಅವರು ಒಪ್ಪಲಿಲ್ಲ. ಗಿಡ್ಡ ಹಿಡಿಯ ಸೌಟಿನಲ್ಲಿ ಸಾರು ಎತ್ತಿ ನೋಡಿ, ಉದ್ದ ಹಿಡಿಯದರಲ್ಲೂ ಅಷ್ಟೇ ಸಾರು ಎತ್ತಿ ನೋಡಿ. ಉದ್ದದ್ದು ಕೈಗೆ ಭಾರ ಅನಿಸುತ್ತದಲ್ಲವೇ? ಕೋಲೂ ಹಾಗೆಯೇ. ಅರ್ಧ ಇಂಚು ಕೂಡಿಸಿದರೂ ಬೀಸುವಾಗ ತಲೆ ಭಾರವೆನಿಸುತ್ತದೆ, ದಂಡ ಹೆಚ್ಚು ಬಳುಕುತ್ತದೆ, ಚೆಂಡು ಹೇಳಿದಂತೆ ಕೇಳುವುದಿಲ್ಲ. ಅದಕ್ಕೇ ಮೊದಲು ಒಂದು ಇಂಚು ಕೂಡಿಸಿ ಆಡಿ ನೋಡುವುದು ವಾಸಿ. ಕಬ್ಬಿಣದ ಕೋಲುಗಳಲ್ಲಿ ಒಂದಕ್ಕೂ ಮುಂದಿನದಕ್ಕೂ ಸಾಮಾನ್ಯವಾಗಿ ಅರ್ಧ ಇಂಚಿನ ವ್ಯತ್ಯಾಸ ಇರುತ್ತದೆ. ಎಲ್ಲಕ್ಕೂ ಒಂದೇ ಅಳತೆ ಕೂಡಿಸಿದರೆ ಆ ಮೆಟ್ಟಿಲು ತಪ್ಪುವುದಿಲ್ಲ.

ಈ ಹಂತದಲ್ಲಿ ನಮ್ಮಮ್ಮ ಮುಖ ಊದಿಸಿಕೊಂಡರು. "ಅಪ್ಪ ಪೂಜೆ ಮಾಡಿದ ಕೋಲನ್ನ ಕೊಯ್ತೀರಾ?" ಅಂದರು. ಕೊಯ್ಯುವುದೇನೂ ಇಲ್ಲ ಅಂತ ತೋರಿಸಿಕೊಟ್ಟ ಮೇಲೆ ಸಮಾಧಾನವಾಯಿತು. ಮೇಲಿನ ಹಿಡಿಗೆ ಸುರುಳಿಯಾಗಿ ಸುತ್ತಿದ ಚರ್ಮದ ಪಟ್ಟಿಯನ್ನು ನಿಧಾನವಾಗಿ ಬಿಚ್ಚಿದರು. ಟೊಳ್ಳು ದಂಡದ ಒಳಗಿನ ತುಕ್ಕನ್ನು ಉಜ್ಜಿ ತೆಗೆದರು. ಬಿಗಿಯಾಗಿ ಕೂರುವಂಥ ಗಟ್ಟಿಮರದ ಬೆಣೆ ಮಾಡಿ, ಸುಮಾರು ಮೂರು ಇಂಚು ಒಳಗೆ ಹೋಗುವಂತೆ, ಒಂದು ಇಂಚು ಹೊರಗೆ ಉಳಿಯುವಂತೆ ಕೂರಿಸಿದರು. ಹೊರಗಿನ ಭಾಗ ದಂಡದಷ್ಟೇ ದಪ್ಪ ಇರಬೇಕು. ಅಂಟು ಅಂದರೆ ಎರಡು ಟ್ಯೂಬುಗಳನ್ನು ಬೆರೆಸಿ ಹಚ್ಚುವ ಅರಾಲ್ಡೈಟ್‌ನಂಥದು. ಒಂದು ದಿನ ಪೂರ್ತಿ ಒಣಗಬೇಕು, ಅವಸರ ಮಾಡಿದರೆ ಬೀಸುವಾಗ ಕೋಲು ಹಾರಿ ಯಾರ ತಲೆಗಾದರೂ ಬಿದ್ದೀತು. ಬೇಡವಾದಾಗ ಕಾಯಿಸಿದರೆ ಈ ಅಂಟು ಮೆತ್ತಗಾಗಿ ಬೆಣೆ ಬರುತ್ತದೆ, ಕೋಲು ಮೊದಲಿನಂತಾಗುತ್ತದೆ. ಅಮ್ಮ ಒಪ್ಪಿದ್ದು ಈ ಮಾತಿಗೆ.

ಉದ್ದವಾದ ಮೇಲೆ ಹಳೆಯ ಚರ್ಮದ ಪಟ್ಟಿ ಸಾಲಲಿಲ್ಲ. ಅದಕ್ಕೆ ಹೊಸ ರಬ್ಬರಿನ ಹಿಡಿ ಹಾಕಿಸಿದೆವು. ಎರಡೂ ಕಡೆ ಅಂಟುವ ಟೇಪು ಸುತ್ತಿ, ಮಿನರಲ್ ಟರ್ಪೆಂಟೈನ್ ಸುರಿದರೆ ಹಿಡಿ ಜಾರಿಕೊಂಡು ಒಳಗೆ ಹೋಗುತ್ತದೆ, ಆರಿದ ಮೇಲೆ ಬಿಗಿಯಾಗುತ್ತದೆ. ಈ ಕೆಲಸ ಮನೆಯಲ್ಲಿ ಮಾಡುವವರು ಬಯಲಿನಲ್ಲೇ ಮಾಡಿ, ಒಲೆಯ ಹತ್ತಿರ ಬೇಡ. ಇನ್ನೊಂದು ಮಾತು. ಕೋಲಿನ ತಲೆಯನ್ನು ಹಿತ್ತಾಳೆ ಚೊಂಬಿನಂತೆ ಹುಣಸೆಹುಳಿ ಹಾಕಿ ತಿಕ್ಕಬೇಡಿ, ಹುಳಿ ಮೇಲಿನ ಹೊಳಪನ್ನೇ ತಿನ್ನುತ್ತದೆ. ಸೀಮೆಎಣ್ಣೆ ಹಚ್ಚಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೊನೆಯದು ಪರೀಕ್ಷೆ. ಕೋಲಿನ ತಲೆಯ ಅಡಿಗೆ ಟೇಪು ಅಂಟಿಸಿ, ಹಲಗೆಯ ಮೇಲಿಟ್ಟ ಚೆಂಡನ್ನು ಹೊಡೆಯಬೇಕು. ಟೇಪಿನ ಮೇಲೆ ಗುರುತು ಬೀಳುತ್ತದೆ. ತಲೆಯ ಮುಂತುದಿಯಲ್ಲಿ ಬಿದ್ದರೆ ಕೋಲು ಆಳಿಗೆ ತೀರ ಮಲಗಿದಂತಾಗಿದೆ ಅಂತ ಅರ್ಥ, ಚೆಂಡು ಬಲಕ್ಕೆ ಹೋಗುತ್ತದೆ. ದಂಡದ ಕಡೆ ಬಿದ್ದರೆ ತೀರ ನಿಂತಂತಾಗಿದೆ, ಚೆಂಡು ಎಡಕ್ಕೆ. ನಡುವೆ ಬಿದ್ದರೆ ಸರಿ. ಬಡಿದು ಮಾಡಿದ ಮೆದು ಕಬ್ಬಿಣದ ತಲೆಯಾದರೆ ಯಂತ್ರದಲ್ಲಿ ಒಂದೆರಡು ಡಿಗ್ರಿ ಬಗ್ಗಿಸಬಹುದು. ಎರಕದ್ದಾದರೆ ಸೀಳುವ ಭಯ ಉಂಟು. ಮಗಳ ಗುರುತು ಮೊದಲು ಮುಂತುದಿಯಲ್ಲಿತ್ತು. ಇಂಚು ಕೂಡಿಸಿದ ಮೇಲೆ ಹೆಚ್ಚುಕಡಿಮೆ ನಡುವಿಗೆ ಬಂತು. "ಬಗ್ಗಿಸೋದೇ ಬೇಡಮ್ಮ" ಅಂದರು ಆ ಹಿರಿಯರು. ಅವರು ಹೇಳಿದ್ದು ಕೋಲಿಗೆ. ನನಗೆ ತಾಗಿದ್ದು ಬೇರೆ ಕಡೆ.

ನಿಯಮದ ತೊಡಕು ಇದೆಯೇ ಅಂತೀರಾ? ಚೆಂಡನ್ನು ಕುಳಿಗೆ ತಳ್ಳುವ ಕೋಲು ಬಿಟ್ಟು ಉಳಿದವು 48 ಇಂಚು ಮೀರಬಾರದು. ನಮ್ಮದು 37. ಚೀಲದಲ್ಲಿ 14 ಕೋಲಿಗಿಂತ ಹೆಚ್ಚು ಇರಬಾರದು. ನಮ್ಮದು ಏಳೇ.

ಗಾಲ್ಫ್ ನಮ್ಮಂಥವರ ಆಟವಲ್ಲ ಅಂತ ನಾನೂ ತಿಳಿದಿದ್ದೆ. ಆದರೆ ಬೆಂಗಳೂರಿನಲ್ಲೇ ಹುಟ್ಟಿದ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾಗಿ ಬಂದಾಗ ಅವಳ ಕೋಲಿನ ಚೀಲ ಹೊತ್ತವರು ಯಾರು ಗೊತ್ತೇ? ಅವಳ ತಾಯಿ. ನನಗೆ ಚೀಲ ಹೊರುವಷ್ಟು ಆಟ ತಿಳಿಯದು. ಅಳತೆಯ ಟೇಪು ಹಿಡಿಯುವುದು ಮಾತ್ರ ತಿಳಿಯುತ್ತದೆ.

ನಿಮ್ಮ ಮನೆಯಲ್ಲಿ ಗಾಲ್ಫ್ ಕೋಲು ಇರಲಿಕ್ಕಿಲ್ಲ. ಪೊರಕೆ ಇದೆಯಲ್ಲ? ಅಡುಗೆ ಕಟ್ಟೆ ಇದೆಯಲ್ಲ? ಸೊಸೆ ಎತ್ತರವಿದ್ದು ಕಟ್ಟೆ ತಗ್ಗಿದ್ದರೆ, ಅವಳು ದಿನಕ್ಕೆ ಮೂರು ಹೊತ್ತು ಬಾಗುತ್ತಾಳೆ. ಕಟ್ಟೆ ಮೊಣಕೈಗಿಂತ ಸುಮಾರು ನಾಲ್ಕು ಇಂಚು ಕೆಳಗಿದ್ದರೆ ಹಿತ. ಕಟ್ಟೆ ಒಡೆಸಲು ಆಗದಿದ್ದರೆ ತರಕಾರಿ ಹೆಚ್ಚುವ ಮಣೆಯ ಕೆಳಗೆ ಒಂದು ದಪ್ಪ ಹಲಗೆ ಇಡಿ. ಪೊರಕೆಗೆ ಬಿದಿರಿನ ಕೋಲು ಕಟ್ಟಿ. ಒಂದಿಂಚು, ಎರಡಿಂಚು ಅಂತ ಅಸಡ್ಡೆ ಬೇಡ. ಬೆನ್ನಿಗೆ ಅದರ ಲೆಕ್ಕ ಗೊತ್ತಾಗುತ್ತದೆ.

ಕಳೆದ ಆಯುಧಪೂಜೆಗೆ ಆರು ಕೋಲುಗಳಿಗೆ ಕುಂಕುಮ ಇಟ್ಟೆವು. ಏಳನೆಯದು, ಮ್ಯಾಶಿ, ಅಂಗಳದಲ್ಲಿ ಮಗಳ ಕೈಯಲ್ಲಿತ್ತು. ಅಮ್ಮ ಅಲ್ಲಿಗೇ ಹೋಗಿ ಕೋಲಿಗೂ ಇಟ್ಟು, ಅವಳ ಹಣೆಗೂ ಇಡಲು ಹೋದರು. ಕೈ ಎಟುಕಲಿಲ್ಲ. ಮಗಳು ಅಭ್ಯಾಸಬಲದಿಂದ ಬಗ್ಗಲು ಹೊರಟಳು. "ಇರೇ" ಅಂದವಳೇ ನಾನು ಒಳಗೆ ಹೋಗಿ ಅಮ್ಮನಿಗೆ ನಿಲ್ಲಲು ಮಣೆ ತಂದುಕೊಟ್ಟೆ.

ಮುಂದಿನ ಸಂಚಿಕೆಯಲ್ಲಿ ಹೆಸರುಬೇಳೆ ಹಪ್ಪಳದೊಂದಿಗೆ ಭೇಟಿಯಾಗೋಣ.

ನಿಮ್ಮ ಅಕ್ಕ