ಸರ್ವರ್‌ಗೆ ಕೈ ಹಾಕುವ ಮುನ್ನ ನೋಡಲು ಕಲಿಯಿರಿ

ಪುಣೆಯ ಹಿಂಜವಡಿ, ಹೈದರಾಬಾದಿನ ಗಚ್ಚಿಬೌಲಿ, ಚೆನ್ನೈನ ಸಿರುಸೇರಿ, ಎಲ್ಲಿ ನೋಡಿದರೂ ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುವ ಕೆಲಸದಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರು ಸಿಗುತ್ತಾರೆ. ಸಪೋರ್ಟ್ ಎಂಜಿನಿಯರ್, ಸಿಸ್ಟಂ ಅಡ್ಮಿನ್, ಕ್ಲೌಡ್ ಆಪರೇಷನ್ಸ್ ಎಂದು ಹುದ್ದೆಯ ಹೆಸರು ಬೇರೆ ಬೇರೆ. ಸೇರಿದ ಮೊದಲ ವಾರ ಹೇಳಿಕೊಡುವ ಪಾಠ ಮಾತ್ರ ಹೆಚ್ಚುಕಡಿಮೆ ಒಂದೇ. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಹೋಗಿ ಕೆಂಪು ಬಂದರೆ ಟಿಕೆಟ್ ತೆರೆಯಿರಿ, ಸರ್ವಿಸ್ ರೀಸ್ಟಾರ್ಟ್ ಮಾಡಿ, ಸರಿಹೋಗದಿದ್ದರೆ ಮೇಲಿನ ತಂಡಕ್ಕೆ ದಾಟಿಸಿ. ಎರಡು ಮೂರು ವರ್ಷ ಇದನ್ನೇ ಮಾಡಿದವರ ಕೈಯಲ್ಲಿ ಅನುಭವದ ಪತ್ರ ಇರುತ್ತದೆ, ಅನುಭವ ಇರುವುದಿಲ್ಲ. ಈ ಮೂರೂ ಕೆಲಸವನ್ನು ಈಗ ಒಂದು ಸ್ಕ್ರಿಪ್ಟ್ ಮಾಡಿಬಿಡುತ್ತದೆ. ತಂಡವನ್ನು ಚಿಕ್ಕದು ಮಾಡುವ ಮಾತು ಬಂದಾಗ ಮೊದಲು ಕಣ್ಣಿಗೆ ಬೀಳುವವರೂ ಇವರೇ.

ಇದಕ್ಕೆ ಮದ್ದು ಇನ್ನೊಂದು ಸರ್ಟಿಫಿಕೇಟ್ ಎಂದು ಕೋಚಿಂಗ್ ಸೆಂಟರಿನವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಲಿನಕ್ಸ್ ಸರ್ವರಿನ ಕಪ್ಪು ಪರದೆಯಲ್ಲಿ ಹೆಚ್ಚೆಂದರೆ ಹತ್ತು ಕಮಾಂಡ್‌ಗಳನ್ನು ಆಳವಾಗಿ ಬಲ್ಲವರು ಸುಲಭಕ್ಕೆ ಕೆಲಸ ಕಳೆದುಕೊಳ್ಳುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. 'ತಿಳಿದಿರಲೇಬೇಕಾದ ನೂರು ಕಮಾಂಡ್‌ಗಳು' ಎಂಬ ಪಟ್ಟಿಗಳನ್ನು ಬಾಯಿಪಾಠ ಮಾಡುವುದರಿಂದ ಏನೂ ಬರುವುದಿಲ್ಲ. ಕಮಾಂಡ್‌ಗಳಲ್ಲಿ ಎರಡೇ ಜಾತಿ, ನೋಡುವವು ಮತ್ತು ಬದಲಿಸುವವು. ಹೊಸಬರು ಮೊದಲ ಆರು ತಿಂಗಳು ನೋಡುವ ಕಮಾಂಡ್‌ಗಳನ್ನಷ್ಟೇ ಕಲಿಯಬೇಕು. ನಮ್ಮಲ್ಲಿ ಆಗುತ್ತಿರುವುದು ತದ್ವಿರುದ್ಧ. ರೀಸ್ಟಾರ್ಟ್, ಕಿಲ್, ಆರ್‌ಎಂ ಮೊದಲ ದಿನವೇ ಬರುತ್ತವೆ. ಏನಾಗಿದೆ ಎಂದು ನೋಡುವುದು ಬರುವುದೇ ಇಲ್ಲ.

ಡಿಸ್ಕ್ ತುಂಬುವ ಪ್ರಕರಣವನ್ನೇ ತೆಗೆದುಕೊಳ್ಳಿ. ಸರ್ವರ್ ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ರಾತ್ರಿ ಇದು ಎದುರಾಗುತ್ತದೆ. 'ಡಿಎಫ್' ಹೊಡೆದರೆ ಡಿಸ್ಕ್ ಶೇ 100 ಭರ್ತಿ. ಯಾವ ಫೋಲ್ಡರ್ ತಿನ್ನುತ್ತಿದೆ ಎಂದು 'ಡಿಯು' ಹೊಡೆದರೆ ಒಟ್ಟು ಲೆಕ್ಕ ಶೇ 40 ಕೂಡ ದಾಟುವುದಿಲ್ಲ. ಉಳಿದ ಜಾಗ ಎಲ್ಲಿ ಹೋಯಿತು? ಡಿಯು ಫೋಲ್ಡರ್‌ಗಳ ಒಳಗೆ ನಡೆದು, ಹೆಸರಿರುವ ಫೈಲುಗಳನ್ನು ಮಾತ್ರ ಕೂಡುತ್ತದೆ. ಡಿಎಫ್ ನೇರವಾಗಿ ಫೈಲ್ ಸಿಸ್ಟಂ ಅನ್ನೇ ಕೇಳುತ್ತದೆ. ಲಿನಕ್ಸಿನಲ್ಲಿ ಫೈಲ್ ಅಳಿಸಿದಾಗ ಹೋಗುವುದು ಅದರ ಹೆಸರು. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದ್ದರೆ ಒಳಗಿನ ಸರಕು ಡಿಸ್ಕಿನಲ್ಲೇ ಉಳಿಯುತ್ತದೆ. ಯಾರೋ 60 ಜಿಬಿಯ ಲಾಗ್ ಫೈಲ್ ಅಳಿಸಿ ನಿರಾಳರಾಗಿರುತ್ತಾರೆ, ಅಪ್ಲಿಕೇಷನ್ ಮಾತ್ರ ಆ ಹೆಸರಿಲ್ಲದ ಫೈಲಿಗೇ ಬರೆಯುತ್ತಾ ಇರುತ್ತದೆ. 'ಎಲ್‌ಎಸ್‌ಓಎಫ್' ಎಂಬ ಕಮಾಂಡಿಗೆ 'ಪ್ಲಸ್ ಎಲ್ 1' ಎಂದು ಸೇರಿಸಿ ಕೇಳಿದರೆ, ಅಳಿದೂ ಉಳಿದಿರುವ ಇಂಥ ಫೈಲುಗಳನ್ನು, ಹಿಡಿದುಕೊಂಡಿರುವ ಪ್ರೋಗ್ರಾಮಿನ ಹೆಸರಿನ ಸಮೇತ ತೋರಿಸುತ್ತದೆ. ರೀಸ್ಟಾರ್ಟ್ ಮಾಡಿದರೂ ಜಾಗ ಬಿಡುಗಡೆಯಾಗುತ್ತದೆ, ನಿಜ. ಅದಕ್ಕೇ ರೀಸ್ಟಾರ್ಟ್‌ಗೆ ಅಷ್ಟು ಒಳ್ಳೆಯ ಹೆಸರು. ಆದರೆ ಲಾಗ್ ಫೈಲುಗಳನ್ನು ಸರದಿಯಲ್ಲಿ ಬದಲಿಸುವ ವ್ಯವಸ್ಥೆ ಕೆಟ್ಟಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ, ಮುಂದಿನ ತಿಂಗಳು ಅದೇ ಟಿಕೆಟ್ ಮತ್ತೆ ಬರುತ್ತದೆ.

ಇದರದೇ ಇನ್ನೊಂದು ರೂಪವಿದೆ. ಡಿಎಫ್ ಅರ್ಧ ಡಿಸ್ಕ್ ಖಾಲಿ ಎನ್ನುತ್ತದೆ, ಪ್ರೋಗ್ರಾಂ ಮಾತ್ರ ಜಾಗವಿಲ್ಲ ಎಂದು ಕೂಗುತ್ತದೆ. ಆಗ 'ಡಿಎಫ್ ಹೈಫನ್ ಐ' ನೋಡಬೇಕು. ಇಎಕ್ಸ್‌ಟಿ4 ಫೈಲ್ ಸಿಸ್ಟಮಿನಲ್ಲಿ ಒಟ್ಟು ಎಷ್ಟು ಫೈಲುಗಳಿಗೆ ದಾಖಲೆ ಪುಟ ಇರಬೇಕೆಂಬುದು ಫಾರ್ಮ್ಯಾಟ್ ಮಾಡುವಾಗಲೇ ತೀರ್ಮಾನವಾಗಿರುತ್ತದೆ. ಆ ಪುಟಕ್ಕೆ ಐನೋಡ್ ಎನ್ನುತ್ತಾರೆ. ಲಕ್ಷಗಟ್ಟಲೆ ಪುಡಿ ಫೈಲುಗಳು ಬಿದ್ದರೆ ಗೋದಾಮಿನಲ್ಲಿ ಜಾಗವಿದ್ದರೂ ರಿಜಿಸ್ಟರಿನಲ್ಲಿ ಹಾಳೆ ಮುಗಿದಿರುತ್ತದೆ.

ಲೋಡ್ ಆವರೇಜ್ ಮತ್ತು ಮೆಮೊರಿಯ ಬಗ್ಗೆ ಇರುವ ತಪ್ಪು ಕಲ್ಪನೆಗಳಿಂದ ಕಂಪನಿಗಳು ಸುಮ್ಮನೆ ದುಡ್ಡು ಕಳೆದುಕೊಳ್ಳುತ್ತವೆ. 'ಅಪ್‌ಟೈಮ್' ಅಥವಾ 'ಟಾಪ್' ತೋರಿಸುವ ಲೋಡ್ 40 ಇದ್ದರೆ ಸಿಪಿಯು ಸಾಲುತ್ತಿಲ್ಲ, ದೊಡ್ಡ ಸರ್ವರ್ ಬೇಕು ಎಂದು ಮೇಲ್ ಹೋಗುತ್ತದೆ. ಲಿನಕ್ಸಿನ ಲೋಡ್ ಲೆಕ್ಕದಲ್ಲಿ ಸಿಪಿಯುಗಾಗಿ ಕಾಯುವವರ ಜೊತೆಗೆ ಡಿಸ್ಕಿಗಾಗಿ ಅಲ್ಲಾಡದೆ ಕಾದು ಕೂತವರೂ ಸೇರಿರುತ್ತಾರೆ. ಸಿಪಿಯು ಆರಾಮಾಗಿದ್ದರೂ ಲೋಡ್ ಏರಬಹುದು. 'ವಿಎಂಸ್ಟ್ಯಾಟ್' ಒಂದು ನಿಮಿಷ ಓಡಿಸಿದರೆ ಕಾಯುತ್ತಿರುವುದು ಯಾತಕ್ಕೆ ಎಂದು ಗೊತ್ತಾಗುತ್ತದೆ. ಮೆಮೊರಿಯಲ್ಲೂ ಅಷ್ಟೆ. 'ಫ್ರೀ' ಎಂಬ ಕಮಾಂಡಿನ ಫ್ರೀ ಎಂಬ ಕಾಲಂ ನೋಡಿ ಗಾಬರಿಯಾಗುವವರೇ ಹೆಚ್ಚು. ಖಾಲಿ ಇರುವ ಮೆಮೊರಿಯನ್ನು ಲಿನಕ್ಸ್ ಫೈಲುಗಳ ನಕಲು ಇಟ್ಟುಕೊಳ್ಳಲು ಬಳಸುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ ಕಾಲಂ 'ಅವೈಲಬಲ್'. ಮೆಮೊರಿ ನಿಜಕ್ಕೂ ಮುಗಿದರೆ ಕರ್ನೆಲ್ ತಾನೇ ಒಂದು ಪ್ರೋಗ್ರಾಮನ್ನು ಕೊಲ್ಲುತ್ತದೆ. ಸತ್ತ ಪ್ರೋಗ್ರಾಮಿನ ಲಾಗಿನಲ್ಲಿ ಒಂದು ಸಾಲೂ ಇರುವುದಿಲ್ಲ. ಆ ಸಾವಿನ ದಾಖಲೆ ಸಿಗುವುದು 'ಜರ್ನಲ್‌ಸಿಟಿಎಲ್ ಹೈಫನ್ ಕೆ' ಅಥವಾ 'ಡಿಮೆಸೇಜ್' ನೋಡಿದಾಗ. ನಡುವೆ ಒಂದು ಮಾತು, ಎಷ್ಟೋ ಸರ್ವರ್‌ಗಳ ಗಡಿಯಾರ ಯುಟಿಸಿಯಲ್ಲಿರುತ್ತದೆ. ಗ್ರಾಹಕರು ಬೆಳಗಿನ ಜಾವ 2 ಗಂಟೆ ಎಂದರೆ ನೀವು ಹುಡುಕಬೇಕಾದ್ದು ಹಿಂದಿನ ದಿನದ ರಾತ್ರಿ 8.30ರ ಸಾಲುಗಳನ್ನು.

ಪೋರ್ಟ್‌ಗಳನ್ನು ನೋಡಲು 'ಎಸ್‌ಎಸ್', ಸರ್ವಿಸಿನ ಸ್ಥಿತಿಗೆ 'ಸಿಸ್ಟಂಸಿಟಿಎಲ್ ಸ್ಟೇಟಸ್', ಲಾಗ್ ಸೋಸಲು 'ಗ್ರೆಪ್', ಇವನ್ನು ಸೇರಿಸಿದರೆ ನನ್ನ ಪಟ್ಟಿ ಬಹುಮಟ್ಟಿಗೆ ಮುಗಿಯಿತು. ಡಿಎಫ್, ಡಿಯು ಎರಡೂ 1971ರ ಮೊದಲ ಯುನಿಕ್ಸ್‌ನಲ್ಲೇ ಇದ್ದವು. ಮೂರು ವರ್ಷಕ್ಕೊಮ್ಮೆ ಕಲಿತದ್ದೆಲ್ಲ ಹಳತಾಗುವ ನಮ್ಮ ಉದ್ಯಮದಲ್ಲಿ ಇಷ್ಟು ಬಾಳಿಕೆ ಬರುವ ವಿದ್ಯೆ ಬೇರೆ ಯಾವುದಿದೆ ಹೇಳಿ.

ನೋಡದೆ ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಗಿಟ್‌ಲ್ಯಾಬ್ ಕಂಪನಿ ತಾನೇ ಬಹಿರಂಗವಾಗಿ ಬರೆದುಕೊಂಡ ವರದಿ ಇದೆ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ಎರಡನೇ ಡೇಟಾಬೇಸ್ ಸರ್ವರಿನ ಫೋಲ್ಡರ್ ಅಳಿಸುತ್ತಿದ್ದೇನೆ ಎಂದುಕೊಂಡು ಮುಖ್ಯ ಸರ್ವರಿನದನ್ನು ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಅರಿವಾಗಿ ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ 4.5 ಜಿಬಿಯಷ್ಟೇ ಉಳಿದಿತ್ತು. ಬ್ಯಾಕಪ್ ತರಲು ಹೋದರೆ ಅದು ಇರಬೇಕಾದ ಜಾಗವೇ ಖಾಲಿ. ಡೇಟಾಬೇಸಿನ ಆವೃತ್ತಿ ಹೊಂದದೆ ಬ್ಯಾಕಪ್ ವಿಫಲವಾಗುತ್ತಿತ್ತು, ಅದನ್ನು ತಿಳಿಸುವ ಇಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಸುಮಾರು ಆರು ಗಂಟೆ ಹಿಂದಿನ ಒಂದು ನಕಲು ಬೇರೆ ಕಾರಣಕ್ಕೆ ತೆಗೆದಿಟ್ಟದ್ದು ಸಿಕ್ಕಿತು. 'ಹೋಸ್ಟ್‌ನೇಮ್' ಎಂಬ ಒಂದು ಪದ, ಬ್ಯಾಕಪ್ ಫೋಲ್ಡರಿನ ಮೇಲೆ ದಿನಕ್ಕೊಂದು 'ಎಲ್‌ಎಸ್', ಇವೆರಡೂ ಪುಕ್ಕಟೆ ಸಿಗುವಂಥವು.

ಇದೆಲ್ಲ ಹಳೆಯ ಕಾಲದ ಮಾತು, ಈಗ ಕೆಟ್ಟ ಸರ್ವರನ್ನು ಎಸೆದು ಹೊಸದನ್ನು ಎಬ್ಬಿಸುತ್ತೇವೆ ಎನ್ನುವವರಿದ್ದಾರೆ. ಆ ವಿಧಾನ ಒಳ್ಳೆಯದೇ, ನಾನೂ ದಿನಾ ಬಳಸುತ್ತೇನೆ. ಆದರೆ ಕಾರಣ ಕೋಡಿನಲ್ಲಿದ್ದರೆ ಹೊಸ ಸರ್ವರೂ ಅದೇ ದಾರಿ ಹಿಡಿಯುತ್ತದೆ, ಎಸೆದ ಸರ್ವರಿನ ಜೊತೆ ಸಾಕ್ಷಿಯೂ ಹೋಗಿರುತ್ತದೆ. ಎಐ ಕೇಳಿದರೆ ಕಮಾಂಡ್ ಬರೆದುಕೊಡುತ್ತದಲ್ಲ ಎನ್ನುವವರೂ ಇದ್ದಾರೆ. ಬರೆದುಕೊಡುತ್ತದೆ. ನೀವು ಯಾವ ಸರ್ವರಿನಲ್ಲಿ ನಿಂತಿದ್ದೀರಿ ಎಂಬುದು ನೀವು ಹೇಳದೆ ಅದಕ್ಕೆ ಗೊತ್ತಿರುವುದಿಲ್ಲ. ಬ್ಯಾಂಕ್, ಆಸ್ಪತ್ರೆಯಂಥ ಗ್ರಾಹಕರ ಲಾಗುಗಳನ್ನು ಹೊರಗಿನ ಚಾಟ್‌ಗೆ ಅಂಟಿಸಲು ಅನೇಕ ಕಡೆ ಅನುಮತಿಯೂ ಇಲ್ಲ. ಇಂಟರ್ನೆಟ್ಟೇ ಇಲ್ಲದ ಸರ್ವರಿನೊಳಗೂ 'ಮ್ಯಾನ್' ಪುಟಗಳಿರುತ್ತವೆ. ಅದನ್ನು ಓದುವ ಅಭ್ಯಾಸವೇ ನಮ್ಮವರಲ್ಲಿ ಕಡಿಮೆ.

ಹೊರಗಿರುವ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಸರ್ವರ್ ಬಿದ್ದಾಗ ಸೇರುವ ಫೋನ್ ಕರೆಯಲ್ಲಿ ಪುಣೆ, ದೆಹಲಿಯ ಕಡೆ ಹಿಂದಿ ಓಡುತ್ತದೆ. ಹಿಂದಿಯೂ ಇಂಗ್ಲಿಷೂ ತಡವರಿಸುವ ಹುಡುಗ ಅಲ್ಲಿ ಮೌನವಾಗುತ್ತಾನೆ, ಜೋರಾಗಿ ಮಾತಾಡಿದವರ ಊಹೆಯೇ ನಿರ್ಣಯವಾಗುತ್ತದೆ. ಆ ಹುಡುಗ ಎಲ್‌ಎಸ್‌ಓಎಫ್ ಕೊಟ್ಟ ನಾಲ್ಕು ಸಾಲನ್ನು ಚಾಟಿನಲ್ಲಿ ಹಾಕಿದರೆ ಕರೆಯ ದಿಕ್ಕೇ ಬದಲಾಗುತ್ತದೆ. ಇಂಥದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಆಮೇಲೆ ಅವನನ್ನು ಹೆಸರು ಹಿಡಿದು ಕರೆಯುತ್ತಾರೆ.

ಅಭ್ಯಾಸಕ್ಕೆ ಗ್ರಾಹಕರ ಸರ್ವರ್ ಬೇಡ. ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಹಾಕಿಕೊಳ್ಳಿ. ನಿಮ್ಮ ಹೋಂ ಫೋಲ್ಡರಿನಲ್ಲಿ 'ಎಫ್‌ಅಲೋಕೇಟ್' ಬಳಸಿ 1 ಜಿಬಿಯ ಫೈಲ್ ಸೃಷ್ಟಿಸಿ, ಒಂದು ಟರ್ಮಿನಲ್‌ನಲ್ಲಿ ಅದನ್ನು 'ಟೇಲ್ ಹೈಫನ್ ಎಫ್' ಮೂಲಕ ತೆರೆದಿಡಿ. ಇನ್ನೊಂದರಲ್ಲಿ ಫೈಲನ್ನು ಅಳಿಸಿ ಡಿಎಫ್ ನೋಡಿ, ಜಾಗ ವಾಪಸ್ ಬಂದಿರುವುದಿಲ್ಲ. ಎಲ್‌ಎಸ್‌ಓಎಫ್ ಹೊಡೆದು ಯಾರು ಹಿಡಿದಿದ್ದಾರೆ ನೋಡಿ. ಟೇಲ್ ನಿಲ್ಲಿಸಿ ಮತ್ತೆ ಡಿಎಫ್ ಹೊಡೆಯಿರಿ. ಹತ್ತು ನಿಮಿಷದ ಕೆಲಸ, ಭಾನುವಾರ ಬೆಳಿಗ್ಗೆ ಕಾಫಿ ಆರುವುದರೊಳಗೆ ಮುಗಿಯುತ್ತದೆ.