ಆಕಾಶದ ಚಿತ್ರಕ್ಕೆ ಎಷ್ಟು ಬಣ್ಣ?

ಮಳೆಗಾಲ ಶುರುವಾಯಿತೆಂದರೆ ಮನೆಮನೆಯ ಮೊಬೈಲುಗಳಲ್ಲಿ ಮೋಡದ ಚಿತ್ರಗಳ ಸುಗ್ಗಿ. ಆದರೆ ಅವುಗಳಲ್ಲಿ ಎರಡು ಬಗೆ. ಕೆಲವುಗಳಲ್ಲಿ ಆಕಾಶ ಬಿಳಿ ಹಾಳೆಯಂತೆ ಸಪ್ಪೆ. ಇನ್ನು ಕೆಲವುಗಳಲ್ಲಿ ಜಾತ್ರೆಯ ಮಿಠಾಯಿಯಂತೆ ಕಣ್ಣು ಕುಕ್ಕುವ ಬಣ್ಣ. ಇವೆರಡರ ನಡುವಿನ ಹದ ಹಿಡಿಯುವುದು ಹೇಗೆಂಬುದೇ ಈ ತಿಂಗಳ ವಿಚಾರ.

ಮೊದಲು ಕಾರಣ ತಿಳಿಯೋಣ. ಬೆಳಕು ಒಮ್ಮೆ ಇಮ್ಮಡಿಯಾದರೆ ಅದನ್ನು ಫೋಟೋದವರು ಒಂದು ‘ಸ್ಟಾಪ್’ ಎನ್ನುತ್ತಾರೆ. ಹತ್ತು ಸ್ಟಾಪ್ ಎಂದರೆ 1,024 ಪಟ್ಟು. ಮುಳುಗುವ ಸೂರ್ಯನ ಸುತ್ತಲಿನ ಮೋಡಕ್ಕೂ ಮರದ ಕೆಳಗಿನ ನೆರಳಿಗೂ ಇದಕ್ಕಿಂತ ಹೆಚ್ಚಿನ ಅಂತರ ಇರಬಹುದು. ನಮ್ಮ ಕಣ್ಣು ಅತ್ತಿತ್ತ ಹೊರಳುತ್ತ ಹೊಂದಿಕೊಳ್ಳುತ್ತದೆ. ಕ್ಯಾಮೆರಾ ಒಂದೇ ಏಟಿಗೆ ಅಳೆಯಬೇಕು. ಆಕಾಶಕ್ಕೆ ಹೊಂದಿಸಿದರೆ ನೆಲ ಕಪ್ಪು, ನೆಲಕ್ಕೆ ಹೊಂದಿಸಿದರೆ ಆಕಾಶ ಬಿಳಿ.

ಈ ತೊಂದರೆ ಹೊಸದಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತ 1850ರ ದಶಕದಲ್ಲಿ ಸಮುದ್ರದ ಚಿತ್ರಗಳನ್ನು ತೆಗೆದ. ಅಂದಿನ ಗಾಜಿನ ಫಲಕಗಳಿಗೆ ನೀಲಿ ಬೆಳಕು ಬಲು ಬೇಗ ತಾಗುತ್ತಿತ್ತು; ಆಕಾಶವೆಲ್ಲ ಬೆಳ್ಳಗಾಗುತ್ತಿತ್ತು. ಆತ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಕೂಡಿಸಿ ಒಂದೇ ಕಾಗದದ ಮೇಲೆ ಅಚ್ಚು ಹಾಕಿದ. 1857ರ ‘ದಿ ಗ್ರೇಟ್ ವೇವ್’ ಹೀಗೆ ಮೂಡಿದ್ದು.

ಇದೇ ಕೆಲಸವನ್ನು ಗಣಿತದ ಲೆಕ್ಕಕ್ಕೆ ತಂದವರಲ್ಲಿ ಅಮೆರಿಕದ ಪಾಲ್ ಡೆಬೆವೆಕ್ ಮತ್ತು ನಮ್ಮ ಕಾನ್ಪುರ ಐಐಟಿಯಲ್ಲಿ ಓದಿದ ಜಿತೇಂದ್ರ ಮಲಿಕ್ ಮುಖ್ಯರು. ಬೇರೆ ಬೇರೆ ಬೆಳಕಿನಲ್ಲಿ ತೆಗೆದ ಹಲವು ಚಿತ್ರಗಳಿಂದ ನಿಜವಾದ ಬೆಳಕಿನ ಪ್ರಮಾಣವನ್ನು ಕಂಡುಹಿಡಿಯುವ ವಿಧಾನವನ್ನು ಅವರು 1997ರಲ್ಲಿ ಪ್ರಕಟಿಸಿದರು. 2010ರಲ್ಲಿ ಐಫೋನಿಗೂ ಎಚ್‌ಡಿಆರ್ ಬಂತು. ಇಂದು ಸಾಧಾರಣ ಮೊಬೈಲು ಕೂಡ ನಾವು ಹೇಳದೆಯೇ ಅದನ್ನು ಮಾಡುತ್ತದೆ.

ಕ್ಯಾಮೆರಾ ಇದ್ದವರು ಹೀಗೆ ಮಾಡಬಹುದು. ಅದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಐಎಸ್‌ಒ ಕಡಿಮೆ ಇಟ್ಟು, ಅಪರ್ಚರ್ ಬದಲಿಸದೆ ಮೂರು ಚಿತ್ರ ತೆಗೆಯಬೇಕು. ಸರಿಯಾದ ಅಳತೆ ಸೆಕೆಂಡಿನ 1/100 ಎಂದಾದರೆ, ಮೋಡಕ್ಕಾಗಿ 1/400, ನೆರಳಿಗಾಗಿ 1/25. ಆಮೇಲೆ ಕಂಪ್ಯೂಟರಿನಲ್ಲಿ ಲೈಟ್‌ರೂಮ್, ಇಲ್ಲವೇ ದುಡ್ಡು ಕೊಡಬೇಕಿಲ್ಲದ ಡಾರ್ಕ್‌ಟೇಬಲ್ ಬಳಸಿ ಕೂಡಿಸುವುದು. ಗಾಳಿಗೆ ಮೋಡ ಓಡುತ್ತಿದ್ದರೆ ಮೂರೂ ಚಿತ್ರಗಳು ಹೊಂದದೆ ಮಸುಕಾಗಬಹುದು. ಆಗ ರಾ ಫೈಲಿನ ಒಂದೇ ಚಿತ್ರ ಮೇಲು. ಜೆಪೆಗ್ಗಿನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳಿದ್ದರೆ, 14 ಬಿಟ್ಟಿನ ರಾ ಫೈಲಿನಲ್ಲಿ 16,384. ಎಳೆದಾಡಲು ಅಷ್ಟು ಆಸ್ಪದ.

ತಿದ್ದುವಾಗ ಮೊದಲು ಬೆಳಕಿನ ಭಾಗ ತಗ್ಗಿಸಿ, ಮೋಡದ ಮಡಿಕೆಗಳು ಕಂಡೊಡನೆ ನಿಲ್ಲಿಸಿ. ಬಳಿಕ ನೆರಳನ್ನು ಸ್ವಲ್ಪ ಎತ್ತಿ; ಪೂರ್ತಿ ಎತ್ತಬೇಡಿ, ನೆರಳು ನೆರಳಾಗಿಯೇ ಇರಲಿ. ಬಣ್ಣದ ಗುಂಡಿಗೆ ಕೈ ಹಾಕುವುದು ಕಟ್ಟಕಡೆಗೆ, ಅದೂ ಉಪ್ಪಿನಂತೆ ಚಿಟಿಕೆಯಷ್ಟು.

ಅತಿಯಾಯಿತೇ ಎಂದು ತಿಳಿಯಲು ಮೂರು ಪರೀಕ್ಷೆಗಳಿವೆ. ಮಾಳಿಗೆಯ ಅಂಚಿಗೆ, ಮರದ ತುದಿಗೆ ಬಿಳಿ ಪ್ರಭೆ ಮೂಡಿದೆಯೇ? ನೆಲಕ್ಕೆ ಬೆಳಕು ಕೊಡುವುದೇ ಆಕಾಶ. ಮಬ್ಬು ಹೊತ್ತಿನಲ್ಲಿ ಆ ನೆಲ ಆಕಾಶಕ್ಕಿಂತ ಬೆಳಗುತ್ತಿದೆಯೇ? ಕೆರೆಯ ನೀರಿನಲ್ಲಿ ಕಾಣುವ ಮೋಡ ಮೇಲಿನ ಮೋಡಕ್ಕಿಂತ ಬೆಳ್ಳಗಿದೆಯೇ? ಒಂದಕ್ಕೆ ಹೌದೆಂದರೂ ಕೈ ಹಿಂದಕ್ಕೆ ತೆಗೆಯಿರಿ. ತಿದ್ದಿದ್ದನ್ನು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮೂಲದೊಡನೆ ಇಟ್ಟು ನೋಡುವುದು ಒಳ್ಳೆಯದು. ರಾತ್ರಿ ಹಿತವೆನಿಸಿದ್ದು ಬೆಳಿಗ್ಗೆ ಅತಿಯೆನಿಸುವುದುಂಟು.

ಇಷ್ಟು ಜಾಗ್ರತೆ ಏಕೆ ಎನ್ನಬಹುದು. ಸ್ವೀಡನ್ನಿನ ಪಾಲ್ ಹ್ಯಾನ್ಸೆನ್ 2012ರಲ್ಲಿ ಗಾಜಾದಲ್ಲಿ ತೆಗೆದ ಮಕ್ಕಳ ಅಂತಿಮಯಾತ್ರೆಯ ಚಿತ್ರಕ್ಕೆ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಬಂತು. 2013ರಲ್ಲಿ, ಇದು ಹಲವು ಚಿತ್ರಗಳ ಜೋಡಣೆ ಎಂಬ ಆರೋಪ ಎದ್ದಿತು. ತಜ್ಞರು ಮೂಲ ಫೈಲನ್ನು ಪರೀಕ್ಷಿಸಿದರು: ಜೋಡಣೆ ಇಲ್ಲ, ಬೆಳಕು ಬಣ್ಣಗಳನ್ನಷ್ಟೇ ತಿದ್ದಲಾಗಿದೆ ಎಂದು ಹೇಳಿದರು. ಸತ್ಯ ಸತ್ಯವೇ ಆಗಿತ್ತು. ಆದರೂ ಬೆಳಕಿನ ಮೆರುಗು ಕಂಡವರಿಗೆ ಅನುಮಾನ ಬಂತು. ಸತ್ತ ಮಕ್ಕಳ ಮಾತು ಹಿಂದಾಗಿ ಚಿತ್ರದ ಮಾತು ಮುಂದಾಯಿತು. ಮಾಲು ಅಸಲಿಯಾದರೂ ಹೊಳಪು ಅತಿಯಾದರೆ ಗಿರಾಕಿ ಉಜ್ಜಿ ನೋಡುತ್ತಾನೆ, ಇದು ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾದ ಮಾತಲ್ಲ.

ಇನ್ನೊಂದು ಭೇದ ನೆನಪಿಡಬೇಕು. ಎಚ್‌ಡಿಆರ್ ಕೂಡಿಸುವುದು ಅಲ್ಲಿ ಇದ್ದ ಬೆಳಕನ್ನು. ಆದರೆ 2020ರಿಂದ ಫೋಟೋಶಾಪಿನಲ್ಲಿ ಕ್ಷಣದಲ್ಲಿ ಬೇರೆಯದೇ ಆಕಾಶ ತಂದು ಕೂಡಿಸುವ ಅನುಕೂಲವೂ ಇದೆ. ಲ ಗ್ರೇ ಕೂಡ ಒಂದೇ ಆಕಾಶವನ್ನು ಒಂದಕ್ಕಿಂತ ಹೆಚ್ಚು ಚಿತ್ರಗಳಿಗೆ ಬಳಸಿದ್ದುಂಟು. ಗೋಡೆಗೆ ಹಾಕುವ ಅಲಂಕಾರದ ಚಿತ್ರಕ್ಕೆ ಅದು ನಡೆದೀತು, ಕೇಳಿದವರಿಗೆ ಹಾಗೆಂದು ಹೇಳಿದರೆ ಆಯಿತು. ಮಾರಾಟದ ನಿವೇಶನದ ಚಿತ್ರಕ್ಕೆ, ಮೊಮ್ಮಕ್ಕಳಿಗೆಂದು ತೆಗೆದಿಡುವ ಹಳೆಯ ಮನೆಯ ಚಿತ್ರಕ್ಕೆ ಅದು ಸಲ್ಲದು. ಆ ದಿನ ಮೋಡವಿರಲಿಲ್ಲವೆಂದರೆ ಚಿತ್ರದಲ್ಲೂ ಇಲ್ಲದಿರಲಿ. ಮೂಲ ಚಿತ್ರವನ್ನು ಮಾತ್ರ ಎಂದೂ ಅಳಿಸಬೇಡಿ. ತಿದ್ದಿದ್ದಕ್ಕೆ ಬೇರೆ ಹೆಸರು ಕೊಟ್ಟು ಬೇರೆಯಾಗಿಯೇ ಇಡಿ. ನಾಳೆ ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲಿ ಅಸಲು ಇರಬೇಕು.