ಪರದೇಶದ ಸರಕು ಯಾವುದು?

ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಗೆ ಕೈಮುಗಿದು ಹೊರಬಂದಾಗ, ಜೊತೆಗಿದ್ದ ರಾಮದುರ್ಗದ ಹಿರಿಯರೊಬ್ಬರು ನಿಟ್ಟುಸಿರುಬಿಟ್ಟರು: “ಗಂಡು ಗಂಡನ್ನ ಪ್ರೀತಿ ಮಾಡಿದ್ರ ತಪ್ಪಿಲ್ಲಂತರೀ! ಎಲ್ಲಾ ಅಮೇರಿಕಾದಿಂದ ಬಂದ ಪಿಡುಗು. ನಮ್ಮ ಸಂಸ್ಕೃತಿ ಎಲ್ಲಿ ಉಳೀತು?” ಆ ಸ್ಥಳದಲ್ಲಿ ಆ ಮಾತು! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸ್ವಾಮೀ, ಒಲವು ಎಲ್ಲ ನಾಡಿನಲ್ಲಿಯೂ ಹುಟ್ಟುತ್ತದೆ. ಪರದೇಶದಿಂದ ಬಂದದ್ದು ಅದಕ್ಕೆ ವಿಧಿಸಿದ ದಂಡನೆ. ಇಂಗ್ಲೆಂಡಿನಲ್ಲಿ ಪಾದ್ರಿಗಳು ವಿಚಾರಿಸುತ್ತಿದ್ದ ಪಾಪವನ್ನು ಎಂಟನೆಯ ಹೆನ್ರಿಯ 1533ರ ಕಾಯಿದೆ ಮರಣದಂಡನೆಯ ಅಪರಾಧವಾಗಿಸಿತು. ಆಂಗ್ಲರ ಹಡಗಿನೊಡನೆ ಅದೂ ಕಡಲು ದಾಟಿತು. ನೀವು ದೂರುವ ಅಮೇರಿಕೆಯಲ್ಲಿಯೇ, ವರ್ಜೀನಿಯಾ ವಸಾಹತಿನ 1610ರ ಕಟ್ಟಳೆ ಇದಕ್ಕೆ ಸಾವನ್ನು ವಿಧಿಸಿತು. ನಮ್ಮ ಪಾಲಿಗೆ ಅದು ಮೆಕಾಲೆಯ ಕರಡಿನಿಂದ ಹೊರಟು, 1860ರ ದಂಡಸಂಹಿತೆಯ 377ನೆಯ ಕಲಮಾಗಿ ಬಂದಿತು. 1824ರಲ್ಲಿ ಕಿತ್ತೂರನ್ನು ನುಂಗಿ, ಚೆನ್ನಮ್ಮನನ್ನು 1829ರಲ್ಲಿ ಇದೇ ಬೈಲಹೊಂಗಲದ ಸೆರೆಯಲ್ಲಿ ಸಾಯಗೊಟ್ಟವರು ಕೊಟ್ಟ ಕಾನೂನು ಇದು. ಇದನ್ನೇ ‘ನಮ್ಮ ಸಂಸ್ಕೃತಿ’ ಎಂದು ಎದೆಗವಚಿಕೊಳ್ಳುವುದೇ?

ನಮ್ಮದೇನಿತ್ತೆಂದು ತಿಳಿಯಬೇಕಾದರೆ ಸವದತ್ತಿಯ ಗುಡ್ಡ ಹತ್ತಿರಿ. ಬನದ ಹುಣ್ಣಿಮೆಯ ಜಾತ್ರೆಯಲ್ಲಿ, ಗಂಡಾಗಿ ಹುಟ್ಟಿ ಸೀರೆಯುಟ್ಟ ಜೋಗಪ್ಪಂದಿರು ‘ಉಧೋ ಉಧೋ’ ಎಂದು ಚೌಡಕಿ ನುಡಿಸುತ್ತ ನಿಂತರೆ, ಮನೆತನಸ್ಥ ಹೆಣ್ಣುಮಕ್ಕಳು ಕಾಲುಮುಟ್ಟಿ ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಜೋಗಪ್ಪನ ಬಾಳೂ ಗಂಡು-ಗಂಡಿನ ಒಲವೂ ಒಂದೇ ಅಲ್ಲವೆಂದು ಬಲ್ಲೆ. ಗುಡ್ಡವೇನೂ ಸ್ವರ್ಗವಲ್ಲ, ಮುತ್ತು ಕಟ್ಟುವ ಪದ್ಧತಿಯನ್ನು 1982ರ ಕಾಯಿದೆಯಿಂದ ನಿಷೇಧಿಸಬೇಕಾಯಿತು. ಜಾತ್ರೆಯಲ್ಲಿ ಕಾಲುಮುಟ್ಟಿದವರೇ ತಮ್ಮ ಮಗ ಸೀರೆಯುಟ್ಟರೆ ಹೊರಗಟ್ಟುವುದೂ ಉಂಟು. ಆದರೂ ಗೆರೆ ದಾಟಿದವನಿಗೆ ಅಲ್ಲಿ ಒಂದು ಹೆಸರಿತ್ತು, ಒಂದು ತಾವಿತ್ತು. ಆಂಗ್ಲರ ಕಲಮಿನಲ್ಲಿದ್ದುದು ಸೆರೆಮನೆಯೊಂದೇ: ಹತ್ತು ವರ್ಷ, ಇಲ್ಲವೇ ಜೀವಾವಧಿ.

ಇಂಗ್ಲೆಂಡು ತನ್ನ ಕಾನೂನನ್ನು 1967ರಲ್ಲಿ ಸಡಿಲಿಸಿತು. ಅಮೇರಿಕೆಯ ಸುಪ್ರೀಂ ಕೋರ್ಟು 2003ರಲ್ಲಿ ಇಂಥವನ್ನು ರದ್ದುಗೊಳಿಸಿತು. ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು, ಪ್ರಾಯಕ್ಕೆ ಬಂದವರ ಪರಸ್ಪರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದಿತು. 2024ರ ಜುಲೈ 1ರಂದು ಆ ದಂಡಸಂಹಿತೆಯೇ ಹೋಯಿತು. ಹೊಲಿದವನೇ ಕಳಚಿ ಬಿಸಾಡಿದ ಅಂಗಿ ನಮ್ಮ ಮೈಮೇಲೇಕೆ?

ಕಿತ್ತೂರು ಉತ್ಸವದಲ್ಲಿ ಜಯಕಾರ ಹಾಕುವ ಹಿರಿಯರೇ, ಒಂದೇ ಬಿನ್ನಹ. ನಾಳೆ ನಿಮ್ಮ ಮನೆಯ ಮಗನೊಬ್ಬ ತಲೆತಗ್ಗಿಸಿ ತನ್ನ ಮನಸ್ಸನ್ನು ತೋಡಿಕೊಂಡರೆ, ಬಾಗಿಲು ತೋರಿಸಬೇಡಿರಿ. ಚೆನ್ನಮ್ಮನ ಹೆಸರು ಹೇಳುತ್ತ ಮೆಕಾಲೆಯ ಪಕ್ಷ ಹಿಡಿಯಬೇಡಿರಿ.